ಬಾಳವ್ವನ ಒಂಬತ್ತು ನಿಮಿಷ

ನಾಜಿಯಾಳ ಸಿನಿಮಾಕ್ಕೆ ಹೀರೋ ಇರಲಿಲ್ಲ.

ಇದ್ದವರು ಹದಿನಾಲ್ಕು ಜನ: ಲೈಟು ಹೊರುವವರು, ಅಡುಗೆಯವರು, ಗುಂಪಿನಲ್ಲಿ ನಿಲ್ಲಲು ಬಂದ ಊರವರು. ದೊಡ್ಡ ಸಿನಿಮಾವೊಂದರ ಶೂಟಿಂಗ್ ಕೌಜಲಗಿಗೆ ಬಂದಾಗ ಅವರ ಒಂದು ದಿನ ಹೇಗೆ ಕಳೆಯಿತು ಎನ್ನುವುದಷ್ಟೇ ಕತೆ. ಆ ದೊಡ್ಡ ಸಿನಿಮಾದ ಹೀರೋನ ಬೆನ್ನು ಮಾತ್ರ ಕಾಣುತ್ತದೆ, ಅದೂ ಒಂದೇ ಸಲ.

ಶುಕ್ರವಾರ ಗೋಕಾಕ, ಹುಕ್ಕೇರಿಗಳಲ್ಲಿ ತೆರೆ ಕಂಡಿತು. ಶನಿವಾರ ಬೆಂಗಳೂರಿನ ಪತ್ರಿಕೆಯೊಂದರಲ್ಲಿ ವಿಮರ್ಶೆ ಬಂತು: 'ರುಂಡವಿಲ್ಲದ ಪ್ರಯೋಗ. ಮುದುಕಿಯೊಬ್ಬಳು ಒಂಬತ್ತು ನಿಮಿಷ ಸುಮ್ಮನೆ ಕೂರುವ ದೃಶ್ಯ ಪ್ರೇಕ್ಷಕನಿಗೆ ಕೊಟ್ಟ ಶಿಕ್ಷೆ.'

ಮಾಲಿಂಗಪ್ಪ ಅದನ್ನು ಮೊಬೈಲಿನಲ್ಲಿ ತೋರಿಸಿದ. ಎರಡೂ ಊರಿನ ಟಾಕೀಸು ಅವನವೇ. ನಾಜಿಯಾಳ ಸ್ವಂತ ಊರು ಮೂಡಲಗಿಗೆ ಸೋಮವಾರ ಸಿನಿಮಾ ತರುವವನೂ ಅವನೇ.

"ಓದಿದೇನವ್ವಾ? ಆ ಮುದುಕೀನ್ನ ಕತ್ತರಿಸು. ಇಲ್ಲಂದ್ರ ನಾಳಿಂದ ಬ್ಯಾರೇ ಪಿಚ್ಚರ್ ಹಾಕ್ತೀನಿ."

"ಆಕೀನ್ನ ತಗದ್ರ ಉಳಿಯೂದೇನ್ರಿ ಕಾಕಾ?"

"ಮಂದಿ ಉಳೀತಾರ!"

ಮುದುಕಿ ಎಂದರೆ ತುಕ್ಕಾನಟ್ಟಿಯ ಬಾಳವ್ವ, ಕುರಿ ಕಾಯುವ ಮನೆಯವಳು. ಹಿಂದೊಮ್ಮೆ ನಿಜವಾದ ದೊಡ್ಡ ಸಿನಿಮಾವೊಂದರ ಶೂಟಿಂಗಿನವರು ಅವಳನ್ನು ಮದುಮಗಳ ತಾಯಿ ಮಾಡುತ್ತೇವೆಂದು ರೇಷ್ಮೆ ಸೀರೆ ಉಡಿಸಿ ಬೇವಿನ ಗಿಡದ ಕೆಳಗೆ ಕೂರಿಸಿದ್ದರು. ಸೀರೆಗೆ ಧೂಳು ಹತ್ತೀತೆಂದು ಏಳಗೊಡಲಿಲ್ಲ. ಸಂಜೆವರೆಗೂ ಕರೆಯಲಿಲ್ಲ. ಸೀರೆ ಬಿಚ್ಚಿಸಿಕೊಂಡು ಮನೆಗೆ ಕಳಿಸಿದರು. ನಾಜಿಯಾ ತನ್ನ ಸಿನಿಮಾದಲ್ಲಿ ಅದನ್ನೇ ಅವಳಿಂದ ಮತ್ತೆ ಮಾಡಿಸಿದ್ದಳು. ನೆರಳು ಸರಿದ ಹಾಗೆ ಬಾಳವ್ವ ಕೂತಲ್ಲೇ ಸರಿಯುತ್ತಾಳೆ. ಅಷ್ಟೇ.

ಆ ಸಂಜೆಯ ಆಟಕ್ಕೆ ಬಾಳವ್ವ ಊರವರ ಜೊತೆ ಟಂಟಂ ಹತ್ತಿ ಗೋಕಾಕಕ್ಕೆ ಬಂದಳು. ಬಾಗಿಲಲ್ಲೇ ಕೇಳಿದಳು:

"ಪೇಪರದಾಗ ನಾ ಒಂಬತ್ತು ಮಿನಿಟ್ ಕುಂತೇನಂತ ಬರದಾರಂತಲ್ಲ? ಬರೇ ಒಂಬತ್ತ?"

ದೃಶ್ಯ ಬಂತು. ಎರಡು ನಿಮಿಷಕ್ಕೇ ಶಿಳ್ಳೆ ಶುರುವಾಯಿತು.

"ಏ, ಆಕೀನ್ನ ಕರೀರ್ಲೇ!"

"ಮುದುಕಿ ಬೇರು ಬಿಟ್ಟಾಳಲೇ!"

ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಮಾಲಿಂಗಪ್ಪ ಪಕ್ಕದಲ್ಲಿದ್ದ ನಾಜಿಯಾಳ ಕಡೆ ನೋಡಿ ನಕ್ಕ. ಕತ್ತರಿಸಿಬಿಡಲೇ ಅಂತ ಅವಳಿಗೆ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಬಾಳವ್ವ ಎದ್ದು ಹಿಂದಕ್ಕೆ ತಿರುಗಿದಳು.

"ಯಾವನಲೇ ಅಂವ? ನಾ ಮುಂಜಾನಿಂದ ಸಂಜೀತನಾ ಕುಂತೇನಿ, ಉಚ್ಚಿಗೂ ಎದ್ದಿಲ್ಲ. ನಿನಗ ಕುರ್ಚಿ ಐತಿ, ಫ್ಯಾನ್ ಐತಿ. ಒಂಬತ್ತು ಮಿನಿಟ್ ಕುಂದ್ರಾಕ ಕುಂಡ್ಯಾಗ ಮುಳ್ಳೇನಲೇ?"

ಟಾಕೀಸು ಬಿದ್ದು ಬಿದ್ದು ನಕ್ಕಿತು. "ಕುಂದರ್ರಿ ಆಯಿ, ನಿಮ್ಮನ್ನ ನೋಡಾಕ ಬಿಡ್ರಿ," ಅಂದರು ಯಾರೋ. ಇಬ್ಬರು ಎದ್ದು ಹೋದರು. ಉಳಿದವರು ಕೂತು ನೋಡಿದರು.

"ಚೊಲೋ ಬೈದ್ಲು," ಅಂದ ಮಾಲಿಂಗಪ್ಪ. "ಆದ್ರ ಪ್ರತಿ ಆಟಕ್ಕ ಆಕೀನ್ನ ಎಲ್ಲಿಂದ ತರ್ಲಿ? ಕತ್ತರಸ್ತೀ ಇಲ್ಲೋ?"

"ಇಲ್ರಿ ಕಾಕಾ. ಒಮ್ಮೆ ಎಬ್ಬಿಸಿ ಮನಿಗೆ ಕಳಿಸ್ಯಾರ, ಸಾಕು. ನಾ ಕಳಸಂಗಿಲ್ಲ. ನೀವು ಬ್ಯಾರೇ ಪಿಚ್ಚರ್ ಹಾಕೋರಿ."

ಮರುದಿನ ಅವನು ಹಾಕಿದ.

ಗೋಕಾಕದಲ್ಲಿ ವಾರದ ಉಳಿದ ಹತ್ತು ಆಟ ಕೈತಪ್ಪಿದವು. ಹುಕ್ಕೇರಿಯಲ್ಲಿ ಹತ್ತು. ಮೂಡಲಗಿಯಲ್ಲಿ ಎಲ್ಲ.