ಬ್ರೇಕಿಲ್ಲದ ಬೀರ

ಗೆರೆ, ಕೆಂಪು ಮಣ್ಣಿನ ಮೇಲೆ ಹಲ್ಲುಹಲ್ಲಿನ ಗೆರೆ, ಈಗಷ್ಟೇ ಇಳಿದುಹೋದ ಬೆಂಗಳೂರಿನವನ ಸೈಕಲ್ಲಿನ ಟೈರಿನದು, ನೆಟ್ಟಗೆ ಹೋಗಿ ಮೊದಲ ಉಬ್ಬಿನ ಹತ್ತಿರ ಸೊಟ್ಟಗಾಗಿದೆ, ಅಲ್ಲೇ ಹೆದರಿ ಬ್ರೇಕು ಹಿಡಿದಿರಬೇಕು, ಪುಕ್ಕಲ ನನ್ಮಗ — ಚಿಕ್ಕಬೀರಯ್ಯನಿಗೆ ನಗು ಬಂತು, ಬಂದ ನಗು ಹೆಲ್ಮೆಟ್ಟಿನೊಳಗೇ ಸಿಕ್ಕಿಕೊಂಡಿತು, ದವಡೆಗೆ ಎರಡೂ ಕಡೆ ಸ್ಪಂಜು, ಬಾಯಿ ಮುಂದೆ ಪಟ್ಟಿ, ಕಣದಲ್ಲಿ ಎತ್ತಿನ ಮೂತಿಗೆ ಕುಕ್ಕೆ ಕಟ್ಟುತ್ತಾರಲ್ಲ ಹಾಗೆ ಕಟ್ಟಿದ್ದಾರೆ, ಮಂಡಿಗೆ ಚಿಪ್ಪು, ಮೊಣಕೈಗೆ ಚಿಪ್ಪು, ಎದೆಗೊಂದು ತಟ್ಟೆ, ಗುಡ್ಡ ಇಳಿಯುವುದಕ್ಕೋ ಯುದ್ಧಕ್ಕೋ, ಥೂ. ಹತ್ತುವುದಕ್ಕೆ ಜೀಪು, ಇಳಿಯುವುದಕ್ಕೆ ಟಿಕೇಟು. ಹತ್ತುವ ಕಷ್ಟಕ್ಕೆ ಹೆದರುವ ಜನರನ್ನು ಅವನು ಬೇಕಾದಷ್ಟು ನೋಡಿದ್ದ, ಇಳಿಯುವುದಕ್ಕೆ ದುಡ್ಡು ಕೊಟ್ಟು ಸಾಲು ನಿಲ್ಲುವವರನ್ನು ನೋಡುವ ಭಾಗ್ಯ ಈಗ ಬಂತು. ಅಪ್ಪ ಕುರಿ ಮೇಯಿಸಿದ ಗುಡ್ಡ ಇದು, ಉಯ್ಯಂಬಳ್ಳಿ ಕಡೆಯ ಯಾವ ಮಗುವನ್ನು ಕೇಳಿದರೂ ಬೋಳುಗುಡ್ಡ ಅನ್ನುತ್ತದೆ, ಈಗ ಬುಡದಲ್ಲಿ ಇಂಗ್ಲಿಷಿನ ಬೋರ್ಡು ನೆಟ್ಟು ಸೈಕಲ್ಲಿನಲ್ಲಿ ಇಳಿಯುವ ಆಟಕ್ಕೆ ಬೈಕ್ ಪಾರ್ಕು ಮಾಡಿದ್ದಾರೆ, ಕುರಿಹಿಕ್ಕೆಯ ಮೇಲೆ ಪಾರ್ಕು. ಅಂಕಲ್, ಫಸ್ಟ್ ಟೈಮ್ ಅಲ್ವಾ, ಗ್ರೀನ್ ಟ್ರ್ಯಾಕಲ್ಲಿ ಹೋಗಿ, ಅದು ಈಸಿ, ಬ್ಲ್ಯಾಕ್ ಬೇಡ, ಇದು ಕಲಿಸುವ ಹುಡುಗಿ, ಜುಟ್ಟು ಕಟ್ಟಿದವಳು, ಇನ್ನೂ ಪಕ್ಕದಲ್ಲೇ ನಿಂತಿದ್ದಾಳೆ, ತಿರುವು ಬರೋಕೆ ಮುಂಚೇನೇ ಎರಡೂ ಬ್ರೇಕ್ ಮೆತ್ತಗೆ ಹಿಡೀಬೇಕು ಅಂಕಲ್, ತಿರುವಲ್ಲಿ ಅಲ್ಲ, ಮುಂಚೇನೇ. ಬ್ರೇಕಂತೆ. ಯಾರಿಗೆ ಹೇಳುತ್ತಿದ್ದೀಯ ತಾಯಿ, ನೀನು ಹುಟ್ಟುವುದಕ್ಕೆ ಮುಂಚೆ ಇದೇ ಗುಡ್ಡದಿಂದ ಬ್ರೇಕೇ ಇಲ್ಲದ ಸೈಕಲ್ಲಿನಲ್ಲಿ ಸೊಪ್ಪಿನ ಹೊರೆ ಇಟ್ಟುಕೊಂಡು ಇಳಿದವನಿಗೆ, ಬ್ರೇಕಿಲ್ಲದ ಬೀರ ಅಂತ ಸುತ್ತಿನ ಊರೆಲ್ಲ ಕರೆದವನಿಗೆ. ಹಸಿರು ಬೋರ್ಡಿನ ದಾರಿ ಹೆಂಗಸರಿಗೆ ಇರಲಿ ಕಣಮ್ಮ ಎಂದು ಟಿಕೇಟು ಕೊಳ್ಳುವಾಗಲೇ ಹೇಳಿದ್ದ, ಆಮೇಲೆ ಆ ಹುಡುಗಿಯೇ ಕಪ್ಪು ಬೋರ್ಡಿನ ದಾರಿಯಲ್ಲಿ ಹಾರಿಕೊಂಡು ಹೋಗಿ ಜೀಪಿನಲ್ಲಿ ವಾಪಸು ಬಂದದ್ದನ್ನು ನೋಡಿ ಮುಖ ತಿರುಗಿಸಿಕೊಂಡಿದ್ದ.

ಕೆಳಗೆ, ದಾರಿ ಮುಗಿಯುವಲ್ಲಿ, ಹೊಂಗೆಮರದ ನೆರಳಿನಲ್ಲಿ ತಾಜ್ ಪಾಷಾ, ಇಲ್ಲಿಂದ ಬಿಳಿ ಟೋಪಿ ಮಾತ್ರ ಕಾಣುತ್ತದೆ, ರಾಮನಗರದಲ್ಲಿ ರೇಷ್ಮೆಗೂಡು ಕೊಂಡು ನೂಲು ತೆಗೆಯುವವನು, ಹಳೇ ಗೆಳೆಯ, ಗೆಳೆಯನಾದ್ದರಿಂದಲೇ ನಾಲಗೆ ಉದ್ದ. ಹೋಗಿ ಕರ್ಕೊಂಡ್ ಬಾ ಕಣಣ್ಣ ಭಾಬೀನ, ಸೋಲೂರೇನ್ ದುಬೈನಲ್ಲೈತಾ. ನಾನ್ಯಾಕ್ಲಾ ಹೋಗ್ಲಿ, ಹೋದೋಳ್ಗೆ ವಾಪಸ್ ಬರೋ ದಾರಿ ಗೊತ್ತಿಲ್ವಾ. ಆಯಮ್ಮ ಇಲ್ದೆ ನಿನ್ ಕೈಲಿ ಏನೂ ಆಗಕ್ಕಿಲ್ಲ ಕಣಣ್ಣ. ಏನೂ ಆಗಕ್ಕಿಲ್ವಾ — ಆ ಮಾತಿಗೇ ಅಲ್ಲವೇ ಇಲ್ಲಿ ಬಂದು ಈ ಕುಕ್ಕೆ ಕಟ್ಟಿಸಿಕೊಂಡಿರುವುದು, ಒಬ್ಬನೇ ಬೀಳದೆ ಇಳಿದು ತೋರಿಸಿದರೆ ತಾಜ್ ಇನ್ನು ಸೋಲೂರಿನ ಸುದ್ದಿ ಎತ್ತಬಾರದು, ಹೆಂಡತಿ ಸರಸಮ್ಮ ತಾನಾಗಿ ಬಂದು ಬಾಗಿಲು ತಟ್ಟಲಿ, ಬಿದ್ದರೆ ಮಾತ್ರ ಇವತ್ತೇ ಬಸ್ಸು ಹತ್ತಿ ಸೋಲೂರಿನಲ್ಲಿ ಅವಳಣ್ಣನ ಮನೆಯ ಜಗಲಿಯಲ್ಲಿ ಕೂತು ತಪ್ಪಾಯಿತು ಬಾ ಅನ್ನಬೇಕು, ಅಷ್ಟೇ ಮಾತು. ಬೀಳುವುದಂತೆ, ಬೀರ ಬೀಳುವುದಂತೆ. ಮನೆಯಲ್ಲಿ ರೇಷ್ಮೆಹುಳ ಜ್ವರಕ್ಕೆ ಕೂತಿವೆ, ಪೊರೆ ಬಿಡುವ ತನಕ ತಲೆಯೆತ್ತಿ ಮಿಸುಕದೆ ಕೂತಿರುತ್ತವೆ, ಸೊಪ್ಪು ಹಾಕುವ ಹಾಗಿಲ್ಲ, ಮೇಲೆ ಸುಣ್ಣದ ಪುಡಿ ಉದುರಿಸಿದರೆ ಮುಗಿಯಿತು, ಇವತ್ತು ಬಿಡುವು. ಸುಣ್ಣ ಎಷ್ಟು ಉದುರಿಸಬೇಕು ಎಂದು ಗೊತ್ತಾಗದೆ ಕೂಲಿಯವಳನ್ನು ಕೇಳಿದ್ದನ್ನು ತಾಜ್‌ಗೆ ಹೇಳಬೇಕಾಗಿಲ್ಲ. ರೆಡಿನಾ ಅಂಕಲ್. ಬಿಡಮ್ಮ ಕೈ — ಕಾಲು ಎತ್ತಿದ, ಗಾಲಿ ಉರುಳಿತು, ಮಣ್ಣು ಕರಕರ ಅಂದಿತು.

ಇಷ್ಟೇನಾ, ಇಷ್ಟಕ್ಕೇನಾ ಅಷ್ಟೊಂದು ಚಿಪ್ಪು ತಟ್ಟೆ, ಸೈಕಲ್ಲಿನ ಹೊಟ್ಟೆಯಲ್ಲಿ ಸ್ಪ್ರಿಂಗಿದೆ, ಕಲ್ಲಿನ ಮೇಲೆ ಹೋದರೂ ಹಾಸಿಗೆಯ ಮೇಲೆ ಕೂತ ಹಾಗೆ, ಇಂಥದ್ದರಲ್ಲಿ ಇಳಿಯುವುದೂ ಒಂದು ಗಂಡಸುತನವೇ, ಆ ಹಳೇ ಸೈಕಲ್ಲಿನಲ್ಲಿ ಒಂದೊಂದು ಕಲ್ಲೂ ಬೆನ್ನುಮೂಳೆಗೆ ಬಂದು ಮಾತಾಡಿಸುತ್ತಿತ್ತು. ಮದುವೆಯಾದ ಹೊಸತು, ಹಿಪ್ಪುನೇರಳೆ ತೋಟ ಇದ್ದದ್ದು ಗುಡ್ಡದ ಮೇಲಿನ ಮಟ್ಟಸ ಜಾಗದಲ್ಲಿ, ಮನೆ ಕೆಳಗೆ, ಸೊಪ್ಪನ್ನು ಕಡ್ಡಿ ಸಮೇತ ಕೊಯ್ದು ಹಳೇ ಸೀರೆಯಲ್ಲಿ ಹೊರೆ ಕಟ್ಟಿ ಸೈಕಲ್ಲಿನ ಬಾರಿನ ಮೇಲೆ ಅಡ್ಡ ಹೇರಿಕೊಂಡು, ಹಿಂದಿನ ಕ್ಯಾರಿಯರಿನ ಮೇಲೆ ಸರಸಮ್ಮನನ್ನು ಕೂರಿಸಿಕೊಂಡು — ಉಬ್ಬು ಬಂತು, ಸೈಕಲ್ಲು ಹಾರಿತು, ನೆಲ ಸಿಕ್ಕಿತು, ಹಹ್ಹ, ನೋಡಿದೆಯೇನ್ಲಾ ತಾಜಾ — ಹಿಂದೆ ಕೂರಿಸಿಕೊಂಡು ಇಳಿಯುತ್ತಿದ್ದ, ಅವಳೋ ಎಲ್ಲರ ಹೆಂಡಿರ ಹಾಗೆ ಒಂದು ಪಕ್ಕಕ್ಕೆ ಕಾಲು ಬಿಟ್ಟು ಕೂರುವವಳಲ್ಲ, ಸೀರೆ ಎತ್ತಿ ಸಿಕ್ಕಿಸಿಕೊಂಡು ಎರಡೂ ಕಡೆ ಕಾಲು ಹಾಕಿ ಗಂಡಸಿನ ಹಾಗೆ ಕೂರುವಳು, ಊರವರು ನಗುವರು, ಅವನಿಗೆ ಮೈಯೆಲ್ಲ ಉರಿ. ಒಂದ್ ಕಡೀಕ್ ಕುಂತ್ಕಳಮ್ಮಿ, ಮಾನ ತೆಗೀಬ್ಯಾಡ. ಬಿದ್ದೋಯ್ತೀವಿ ಕಣಯ್ಯ, ನೀನ್ ಒಸಿ ಮುಂದುಕ್ ನೋಡ್ಕಂಡ್ ತುಳಿ. ಮುಂದಕ್ಕೆ ನೋಡಿಕೊಂಡೇ ಇದ್ದ ಅವನು, ಮುಂದೆ ಕೂತವನು ಮುಂದಕ್ಕಲ್ಲದೆ ಎಲ್ಲಿಗೆ ನೋಡಬೇಕು. ಬ್ರೇಕಿನ ರಬ್ಬರು ಸವೆದು ಉದುರಿಹೋದ ಮೇಲೆ ಅಪ್ಪ ಹಾಕಿಸ್ಕಳ್ಲಾ ಅಂದಿದ್ದ, ಯಾಕಪ್ಪ, ನನ್ ಸೈಕಲ್ಗೆ ತಿರುವು ಗೊತ್ತೈತೆ, ತಾನಾಗೆ ನಿದಾನ ಆಯ್ತದೆ ಎಂದು ಅರಳಿಕಟ್ಟೆಯಲ್ಲಿ ಎಲ್ಲರ ಮುಂದೆ ಹೇಳಿ ಮೀಸೆ ತಿರುವಿದ್ದ, ಸುಳ್ಳಲ್ಲ, ನಿಜವಾಗಿ ಹಾಗೇ ಇತ್ತು, ದೊಡ್ಡ ಬಂಡೆಯ ತಿರುವಿನ ಹತ್ತಿರ ಬಂದರೆ ಸಾಕು, ಒಳ್ಳೇ ಪಳಗಿದ ಎತ್ತಿನ ಹಾಗೆ ಸೈಕಲ್ಲು ತಾನಾಗಿ ಹೆಜ್ಜೆ ಸಣ್ಣ ಮಾಡುತ್ತಿತ್ತು.

ಎರಡನೇ ಹೊರೆಗೆ ಮತ್ತೆ ಸೈಕಲ್ಲು ತಳ್ಳಿಕೊಂಡು ಹತ್ತುವಾಗ ತಾನು ಇಳಿದ ದಾರಿ ಕಾಣುವುದು, ಧೂಳಿನಲ್ಲಿ ಟೈರಿನ ಗೆರೆ, ಅದರ ಎರಡೂ ಪಕ್ಕಕ್ಕೆ ಇನ್ನೆರಡು ಗೆರೆ, ತಿರುವಿನ ಹತ್ತಿರ ಆ ಎರಡೂ ಆಳವಾಗಿ, ಕುಂಟೆ ಹೊಡೆದ ಹಾಗೆ. ಹೊರೆಯಿಂದ ಇಳಿಬಿದ್ದ ಕಡ್ಡಿ ಎಳೆದ ಗುರುತು, ಇನ್ನೇನು, ಹೊರೆ ಕಟ್ಟುವುದಕ್ಕೂ ಬಾರದು ನಿಂಗೆ ಎಂದು ಬೈದಿದ್ದ, ಅವಳು ಹತ್ತುತ್ತಾ ಚಪ್ಪಲಿ ಕೈಯಲ್ಲಿ ಹಿಡಿದು ನಕ್ಕಿದ್ದಳು, ಚಪ್ಪಲಿ — ಹಲಗೆಯ ಸೇತುವೆ, ದಡದಡದಡ, ಮುಗಿಯಿತು — ಹವಾಯಿ ಚಪ್ಪಲಿ, ಅದನ್ನಂತೂ ಕೊಡಿಸಿ ಕೊಡಿಸಿ ಸಾಕಾಗಿತ್ತು, ಹಬ್ಬಕ್ಕೆ ಕೊಡಿಸಿದ್ದು ಇನ್ನೊಂದು ಹಬ್ಬಕ್ಕೆ ಇಲ್ಲ, ಮುಂದೆ ಹೊಸದರ ಹಾಗೆ, ಹಿಂದೆ ಹಿಮ್ಮಡಿಯ ಕಡೆ ಸವೆದು ನೆಲ ಕಾಣುವುದು, ನಿನ್ ಕಾಲ್ಗೇನ್ ಹಲ್ಲೈತಾ, ಚಪ್ಲಿ ತಿನ್ತೈತಲ್ಲ. ಎಂಥ ಪಾದ, ಸೀಳುಸೀಳಾದ ಹಿಮ್ಮಡಿ, ನೆಂಟರ ಮನೆಗೆ ಹೋದರೆ ಸೀರೆಯಲ್ಲಿ ಮುಚ್ಚಿಕೊಂಡು ಕೂರುವಳು. ಹುಳದ ಮನೆಯ ಬಾಗಿಲಲ್ಲಿ ಈಗಲೂ ಒಂದು ಜೊತೆ ಬಿದ್ದಿದೆ, ಅವಳಿಗೀಗ ಗುಡ್ಡವಿಲ್ಲ ಸೈಕಲ್ಲಿಲ್ಲ, ಬೋರಿನಲ್ಲಿ ನೀರು ಬಿದ್ದು ತೋಟ ಮನೆಯ ಬುಡಕ್ಕೇ ಬಂದಿದೆ, ಆದರೂ ಹಿಮ್ಮಡಿ ಊರಿ ನಡೆಯುವ ಚಾಳಿ ಬಿಡಲಿಲ್ಲ, ಒಳ್ಳೆಯದನ್ನು ಹಾಕಿಕೊಂಡು ಸೋಲೂರಿನ ದಾರಿ ಹಿಡಿದಳು, ಈ ಹಳೆಯದನ್ನು ಅವನ ಕಣ್ಣಿಗೆ ಬೀಳಲಿ ಎಂದೇ ಬಿಟ್ಟುಹೋಗಿದ್ದಾಳೆ. ತಾನು ಮಾಡಿದ ಮಹಾಪರಾಧ ಏನು, ಗೂಡಿಗೆ ಎಂದೂ ಕಾಣದ ರೇಟು ಬಂದ ವರ್ಷ ಇದು, ಸೈಕಲ್ಲು ಹೊಡೆಯಲು ಬಾರದ ಪಕ್ಕದ ಮನೆಯ ಗಂಗಹನುಮಯ್ಯನೂ ಕಾರು ತಂದು ಅದಕ್ಕೆ ಹೆಂಡತಿಯ ಸೀರೆ ಹೊದಿಸಿ ನಿಲ್ಲಿಸಿದ ವರ್ಷ, ಅಲ್ಪನಿಗೆ ಐಶ್ವರ್ಯ ಬಂದರೆ ಇನ್ನೇನು, ಆದರೆ ಪ್ರಗತಿಪರ ಬೆಳೆಗಾರ ಎಂದು ಶಾಲು ಹೊದಿಸಿ ಪೇಟ ಇಟ್ಟದ್ದು ಯಾರಿಗೆ, ಚಿಕ್ಕಬೀರಯ್ಯನಿಗೆ. ಫೋಟೋ ಆಯಿತು, ಚಪ್ಪಾಳೆ ಆಯಿತು, ಬ್ರೇಕಿಲ್ಲದ ಬೀರ ಅಂತ ಹಿಂದಿನ ಸಾಲಿನಿಂದ ಯಾರೋ ಕೂಗಿದ್ದೂ ಆಯಿತು, ಬಸ್ಸಿನಲ್ಲಿ ವಾಪಸು ಬರುವಾಗ ಇವಳು ಕಿಟಕಿಯ ಕಡೆ ನೋಡಿಕೊಂಡು, ಮೈಕಲ್ಲಿ ನನ್ನೆಸ್ರೂ ಒಂದ್ ಕಿತ ಅಂದಿದ್ರೆ ನಿನ್ನ ಗಂಟೇನ್ ಓಯ್ತಿತ್ತಾ, ಹುಳ ಸಾಕಿದ್ದು ನಾನೂ ಅಲ್ವಾ. ಅವನು ಹೇಳಿದ್ದು ಒಂದೇ ಮಾತು, ಹಿಂದ್ಗಡೆ ಕುಂತ್ಕಂಡ್ ಬಂದೋಳು ನೀನು. ಅಷ್ಟೇ. ಸುಳ್ಳೇನು ಅದರಲ್ಲಿ. ಅವಳು ತನ್ನ ಕಾಲ ಕಡೆ ನೋಡಿಕೊಂಡಳು, ಮಾರನೆಯ ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿ ಬಸ್ಸಿಗೆ ಹೋದಳು.

ಕಾಲ ಕಡೆ ಯಾಕೆ ನೋಡಿಕೊಂಡಳು — ಇಳಿಜಾರು ಕಡಿದಾಯಿತು, ಗಾಳಿ ಹೆಲ್ಮೆಟ್ಟಿನಲ್ಲಿ ಹೂಂಕರಿಸುತ್ತಿದೆ, ಇಗೋ ಬಂತು ದೊಡ್ಡ ಬಂಡೆ, ಅದೇ ಬಂಡೆ, ಪಕ್ಕಕ್ಕೆ ಮಣ್ಣು ಏರಿಸಿ ಗೋಡೆ ಕಟ್ಟಿದ್ದಾರೆ ಅಷ್ಟೇ, ಅದೇ ತಿರುವು, ಕಣ್ಣು ಮುಚ್ಚಿಕೊಂಡು ತೆಗೆದುಕೊಂಡ ತಿರುವು, ತಿರುವು ಬರೋಕೆ ಮುಂಚೇನೇ ಅಂಕಲ್, ಸುಮ್ಮನಿರಮ್ಮ, ನನಗೆ ಗೊತ್ತು, ಇಲ್ಲಿ ಇದು ನಿಧಾನವಾಗುತ್ತದೆ, ಈ ಹುಣಸೆಯ ಬೇರು ದಾಟಿದ ಮೇಲೆ ತಾನಾಗಿ ನಿಧಾನವಾಗುತ್ತದೆ, ದಾಟಿತು, ಆಗಲಿಲ್ಲ, ಆಗುತ್ತದೆ, ಈಗ, ಇಷ್ಟು ಬೆಲೆಯ ಸೈಕಲ್ಲಿಗೆ ಅಷ್ಟು ತಿಳಿಯದೇ, ಆ ತುಕ್ಕು ಹಿಡಿದ ಸೈಕಲ್ಲಿಗೆ ತಿಳಿಯುತ್ತಿತ್ತಲ್ಲ, ಇದೇ ಜಾಗದಲ್ಲಿ, ಹಿಂದಿನಿಂದ ಸರ್ ಎಂದು ಸದ್ದಾಗಿ, ಸೀಟನ್ನು ಹಿಡಿದ ಅವಳ ಕೈ ಬಿಗಿಯಾಗಿ, ಹಾ ಎಂದು ಅವಳು ಉಸಿರು ಬಿಟ್ಟು, ಆಮೇಲೆ ಸೈಕಲ್ಲು ಪಳಗಿದ ಎತ್ತಿನ ಹಾಗೆ — ಸದ್ದು ಎಲ್ಲಿ, ಆ ಸರ್ ಎನ್ನುವ ಸದ್ದು ಎಲ್ಲಿ, ಕಡ್ಡಿ ಎಳೆದರೆ ಅಂಥ ಸದ್ದು ಬರುತ್ತದೆಯೇ, ಅವಳು ಹೊರೆ ಕಟ್ಟಿದರೆ ಕಡ್ಡಿ ಒಂದಾದರೂ ಹೊರಗೆ ಇಣುಕುತ್ತಿತ್ತೇ, ಎರಡೂ ಕಡೆ ಕಾಲು ಹಾಕಿ, ಬಿದ್ದೋಯ್ತೀವಿ ಕಣಯ್ಯ, ಬೀಳುತ್ತೇನೆ ಅನ್ನಲಿಲ್ಲ ಅವಳು, ಬೀಳುತ್ತೇವೆ ಅಂದಳು, ಹಿಮ್ಮಡಿಯ ಕಡೆ ಸವೆದ ಚಪ್ಪಲಿ, ಹಿಮ್ಮಡಿಯ ಕಡೆ, ಎರಡು ಬೆರಳು ಬ್ರೇಕನ್ನು ಹುಡುಕಿ ಒಟ್ಟಿಗೆ ಹಿಂಡಿದವು, ಮುಂದಿನ ಗಾಲಿ ನೆಟ್ಟು ನಿಂತಿತು, ಅವನು ನಿಲ್ಲಲಿಲ್ಲ, ಆಕಾಶ ಕಾಲಡಿಗೆ ಬಂತು.

ಗಾಲಿ ಎಲ್ಲೋ ಟಿಕಟಿಕ ಎಂದು ತಿರುಗುತ್ತಿದೆ. ಎದೆಯ ತಟ್ಟೆಯೊಳಗೆ ಉಸಿರು ಸಿಗುತ್ತಿಲ್ಲ, ಆಮೇಲೆ ಸಿಕ್ಕಿತು, ಮೂಳೆ ಮುರಿದಿಲ್ಲ, ಅಂಕಲ್ ಅಲ್ಲಾಡ್ಬೇಡಿ ಎಂದು ಮೇಲಿನಿಂದ ಹುಡುಗಿಯ ಕೂಗು, ಕೆಳಗಿನಿಂದ ತಾಜ್ ಟೋಪಿ ಕೈಯಲ್ಲಿ ಹಿಡಿದು ಓಡಿಬರುತ್ತಿದ್ದಾನೆ, ಯಾ ಅಲ್ಲಾ, ಬಿದ್ದೆಯಲ್ಲಣ್ಣ, ಮಾತು ಮಾತೇ ಕಣಣ್ಣ, ಸೋಲೂರಿಗೆ ಎದ್ದೇಳು, ಈ ಹೊತ್ತಿನಲ್ಲೂ ನಗುತ್ತಾನೆ ಕಳ್ಳ. ಹೋಗಿ ಏನೆಂದು ಹೇಳುವುದು, ಜಗಲಿಯ ಮೇಲೆ ಅವಳಣ್ಣ ಇರುತ್ತಾನೆ, ಅತ್ತಿಗೆ ಇರುತ್ತಾಳೆ, ತಪ್ಪಾಯಿತು ಎಂದರೆ ಅವಳು ಯಾವ ತಪ್ಪು ಎಂದು ಕೇಳಿದರೆ. ಅಷ್ಟು ವರ್ಷ ಹಿಂದೆ ಕೂತು ಒಂದು ದಿನವಾದರೂ ಬಾಯಿ ಬಿಟ್ಟಳೇ, ಅರಳಿಕಟ್ಟೆಯಲ್ಲಿ ಅವನು ಮೀಸೆ ತಿರುವುವಾಗ ಹುಲ್ಲಿನ ಹೊರೆ ಹೊತ್ತು ಹಾದುಹೋಗುತ್ತಿದ್ದವಳು ನಿಂತು ಒಂದು ಮಾತು ಅಂದಳೇ, ನಕ್ಕಳು, ಬರೀ ನಕ್ಕಳು. ಬ್ರೇಕಿಲ್ಲದ ಬೀರನಂತೆ, ಥೂ ನಿನ್ನ. ಹೆಲ್ಮೆಟ್ಟು ಕಿತ್ತು ಮಗ್ಗುಲಾದ. ತಾನು ಇಳಿದ ದಾರಿ ಕಂಡಿತು, ಬಂಡೆಯ ಈಚೆಗೆ, ಹುಣಸೆಯ ಬೇರಿನ ಈಚೆಗೆ, ತನ್ನ ಮೂಗಿನ ತನಕ. ಹಲ್ಲುಹಲ್ಲಿನ ಗೆರೆ. ಒಂದು. ಎದ್ದೇಳಣ್ಣ, ನೀರು ಕುಡಿ. ಒಂದೇ. ಅದರ ಅಕ್ಕಪಕ್ಕ, ಎರಡು ಹಿಮ್ಮಡಿ ಎಳೆದಿರಬೇಕಾದ ಕಡೆ, ಮಣ್ಣು ನುಣ್ಣಗಿದೆ.