ತೂತು ಬಿದ್ದ ಹಲಗೆ

ವಿಮಾನದ ರೆಕ್ಕೆಗೆಂದು ಕಾರ್ಬನ್ ನಾರನ್ನು ಪದರ ಪದರವಾಗಿ ಅಂಟಿಸಿ ಮಾಡಿದ ಹಲಗೆ ಅದು. ಅಕ್ಕ ಪರೀಕ್ಷಿಸಿ ಒಪ್ಪಿದ ಮೇಲೆ, ಅವಳ ಕಾರ್ಖಾನೆಯಲ್ಲೇ ಎಂಜಿನಿಯರ್ ಆಗಿದ್ದ ತಮ್ಮ ಅವಳನ್ನು ಒಂದು ಮಾತೂ ಕೇಳದೆ, ವೈರು ತೂರಿಸಲು ನಡುವೆ ಅಂಗೈಯಗಲ ತೂತು ಕೊರೆದಿದ್ದ. ಅಕ್ಕ ಹಲ್ಲು ಕಚ್ಚಿಕೊಂಡು ಅದನ್ನು ಮತ್ತೆ ಯಂತ್ರಕ್ಕೆ ಕೊಟ್ಟು ಎರಡೂ ಅಂಚುಗಳಿಂದ ಒಳಕ್ಕೆ ಅದುಮಿದಳು. ಮೊದಲು ತಡೆದುಕೊಂಡಿದ್ದರ ಅರ್ಧ ಭಾರಕ್ಕೇ ಹಲಗೆ ಹೊಟ್ಟೆ ಉಬ್ಬಿಸಿತು. ಭಾರ ಇಳಿಸಿದೊಡನೆ ಏನೂ ಅರಿಯದ ಕಳ್ಳನ ಹಾಗೆ ನೆಟ್ಟಗಾಯಿತು.

"ನೋಡಕ್ಕ, ಏನೂ ಆಗಿಲ್ಲ. ಸುಮ್ನೆ ರಂಪ ಮಾಡ್ತೀಯ. ಪಾಸು ಅಂತ ಬರಿ," ಎಂದ ತಮ್ಮ.

ಅಕ್ಕನ ಪಿತ್ತ ನೆತ್ತಿಗೇರಿತು. "ಏನೂ ಆಗಿಲ್ವಾ? ಬಾ ಇಲ್ಲಿ, ಅದರ ಮೇಲೆ ಕೈ ಇಡು!" ಎಂದು ಮತ್ತೆ ಭಾರ ಏರಿಸಿದಳು. ಅಂಗೈಯಡಿ ಹಲಗೆ ಟಪ್ಪನೆ ಉಬ್ಬಿತು. ತಮ್ಮ ಬೆಚ್ಚಿ ಹಿಂದಕ್ಕೆ ಹಾರಿದ.

"ಯಾಕೋ ಹೆದರ್ತೀಯ? ನೀನು ನೆಲದ ಮೇಲೇ ತಾನೆ ನಿಂತಿರೋದು!"