ನೀಲಾಂಬಿಕಾಳ ಗಂಟಲು

ಪೀಣ್ಯ ಎರಡನೇ ಹಂತದ ಆ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಯೋಗ ಶುರುವಾದ ದಿನ ನೀಲಾಂಬಿಕಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಕ್ಯಾಂಟೀನಿನ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ ನೆಲದ ತುಂಬ ಹಸಿರು ಚಾಪೆ ಹಾಸಿದ್ದರು. ನೆಲ ಒರೆಸಿದ ಫಿನೈಲು, ಹಿಂದಿನ ದಿನದ ಸಾಂಬಾರು, ಚಪ್ಪಲಿ ಬಿಟ್ಟು ಬಂದ ಇಷ್ಟೊಂದು ಕಾಲುಗಳು, ಸಾಲದ್ದಕ್ಕೆ ಕಬ್ಬಿಣಕ್ಕೆ ಹೊಳಪು ಹಿಡಿಸುವ ಪಕ್ಕದ ಪ್ಲೇಟಿಂಗ್ ಶೆಡ್ಡಿನಿಂದ ಕಿಟಕಿ ದಾಟಿ ಬರುವ ಆಸಿಡ್ಡಿನ ಹುಳಿ ವಾಸನೆ. ಇದನ್ನೆಲ್ಲ ಮೂಗಿನ ತುಂಬ ಎಳೆದುಕೊಳ್ಳಬೇಕಂತೆ. ಹಾಗೆಂದು ಹೇಳುತ್ತಿದ್ದವನು ಕಿವಿಗೆ ಮೈಕು ಸಿಕ್ಕಿಸಿಕೊಂಡ ಯೋಗ ಮೇಷ್ಟ್ರು ಹರ್ಷವರ್ಧನ್.

"ದೀರ್ಘವಾಗಿ ಉಸಿರು ತಗೊಳ್ಳಿ. ಹೊಟ್ಟೆ ಉಬ್ಬಲಿ. ನಿಧಾನಕ್ಕೆ ಬಿಡಿ."

ಅಂಗಾತ ಮಲಗಿದ್ದ ನೀಲಾಂಬಿಕಾಳ ತಲೆಯ ಪಕ್ಕದಲ್ಲೇ ಹಿಂದಿನ ಸಾಲಿನವಳ ಒಡೆದ ಹಿಮ್ಮಡಿ. ಆ ಕಡೆ ಯಾರೋ ತೇಗಿದರು. ಮೊಣಕಾಲನ್ನು ಎದೆಗೆ ಅವುಚಿಕೊಳ್ಳಿ ಎಂದಾಗ ಇನ್ಯಾರೋ ಹೂಸು ಬಿಟ್ಟರು, ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ನೀಲಾಂಬಿಕಾ ನಗಲಿಲ್ಲ. ಬಾಗಿಲ ಹತ್ತಿರ ಫ್ಲೋರ್ ಇನ್‌ಚಾರ್ಜ್ ಚಿರಂಜೀವಿ ನಿಂತು ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಿದ್ದುದು ಅವಳಿಗೆ ಕಾಣುತ್ತಿತ್ತು. ವಿದೇಶದಿಂದ ಬಟ್ಟೆ ಕೊಳ್ಳುವ ಕಂಪನಿಯವರಿಗೆ ಆ ಫೋಟೋ ಹೋಗಬೇಕು, ಅದಕ್ಕೇ ಈ ಚಾಪೆ, ಈ ಮೈಕು ಎಂಬುದು ಅವಳಿಗೇನು, ಫ್ಯಾಕ್ಟರಿಯ ಗೋಡೆಗೂ ಗೊತ್ತಿತ್ತು.

ನೀಲಾಂಬಿಕಾ ಲಿಂಗಸುಗೂರಿನ ಕಡೆಯವಳು. ಮದುವೆಯಾದ ಹೊಸದರಲ್ಲಿ ಗಂಡ ಬಸಲಿಂಗನ ಹಿಂದೆ ಬೆಂಗಳೂರಿಗೆ ಬಂದು ಹೊಲಿಗೆ ಮೆಷಿನ್ನಿಗೆ ಕೂತವಳು. ಅವಳಿಗಿಂತ ಚೆನ್ನಾಗಿ ಕಾಲರ್ ಕೂರಿಸುವವರು ಬೇಕಾದಷ್ಟಿದ್ದರು. ಆದರೆ ಮೆಷಿನ್ನುಗಳೆಲ್ಲ ಒಟ್ಟಿಗೆ ಗುರ್ರೆನ್ನುವಾಗಲೂ ಲೈನಿನ ಈ ತುದಿಯಿಂದ ಆ ತುದಿಗೆ ಕೇಳಿಸುವ ಗಂಟಲು ಇದ್ದದ್ದು ಅವಳೊಬ್ಬಳಿಗೇ. ಅದನ್ನು ನೋಡಿಯೇ ಅವಳನ್ನು ಸೂಪರ್‌ವೈಸರ್ ಮಾಡಿದ್ದರು. ಅಂದಿನಿಂದ ಅವಳ ದುಡಿಮೆಯೇ ಕಿರುಚುವುದು. ಗಂಟೆಗಿಷ್ಟು ಪೀಸು ಎಂದು ಮೇಲಿನಿಂದ ಹೇಳುತ್ತಿದ್ದರು, ಅವಳು ಕಿರುಚಿ ತೆಗೆಸುತ್ತಿದ್ದಳು. ಎಮ್ಮೆ, ಕತ್ತೆ, ಮುಂಡೆ, ಅದಕ್ಕೂ ಮೀರಿದವು. ಹೇಳುವಾಗ ಅವಳಿಗೇನೂ ಅನ್ನಿಸುತ್ತಿರಲಿಲ್ಲ. ಮನೆಗೆ ಹೋದಾಗ ಮಾತ್ರ ಗಂಟಲು ಕಟ್ಟಿರುತ್ತಿತ್ತು, ಆ ಕಟ್ಟಿದ ಗಂಟಲಲ್ಲೇ ಗಂಡನ ಮೇಲೂ ಒದರುತ್ತಿದ್ದಳು. ಎದೆಯಲ್ಲಿ ಉರಿ, ಕತ್ತಿನಿಂದ ಬೆನ್ನಿನವರೆಗೆ ಯಾರೋ ಹಗ್ಗ ಹೊಸೆದಂತೆ ನೋವು. ಉಂಡದ್ದು ಹುಳಿಯಾಗಿ ಬಾಯಿಗೆ ಬರುತ್ತಿತ್ತು. ಕಣ್ಣು ಮುಚ್ಚಿದರೆ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ.

ಯೋಗ ತಪ್ಪಿಸುವ ಹಾಗಿರಲಿಲ್ಲ. ಸೂಪರ್‌ವೈಸರುಗಳು ಮುಂದಿನ ಸಾಲಿನಲ್ಲೇ ಇರಬೇಕೆಂದು ಅಪ್ಪಣೆ. ದಿನಾ ಕೆಲಸಕ್ಕೆ ಮೊದಲು ಅಸಹ್ಯಪಡುತ್ತಲೇ ಆ ಚಾಪೆಯ ಮೇಲೆ ಬೀಳುತ್ತಿದ್ದಳು. ಹರ್ಷವರ್ಧನ್ ಒಳ್ಳೆಯವನೇ. ಫೋಟೋ ಹಿಡಿಯುವವರು ಹೋದ ಮೇಲೂ ಅವನ ದನಿ ಬದಲಾಗುತ್ತಿರಲಿಲ್ಲ. ಒಂದು ದಿನ ಅವಳ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಅಕ್ಕ, ನೀವು ಉಸಿರು ಹಿಡ್ಕೊಂಡೇ ಇರ್ತೀರ. ಯಾರೋ ಹೊಡೆಯೋಕ್ ಬಂದೋರ ಥರ. ಬಿಡಿ ಅದನ್ನ. ತಾನಾಗೇ ಒಳಗೆ ಹೋಗ್ತದೆ, ತಾನಾಗೇ ಬರ್ತದೆ. ನೀವು ಸುಮ್ನೆ ನೋಡ್ತಾ ಇರಿ, ಸಾಕು."

"ಈ ವಾಸನ್ಯಾಗ ಉಸಿರು ಬಿಡೂದ ಕಷ್ಟ ಐತಿ, ನೋಡೂದೆಲ್ಲಿಂದ ಬಂತು ಸಾರ್?" ಅಂದಳು ನೀಲಾಂಬಿಕಾ.

ಅವನು ನಕ್ಕುಬಿಟ್ಟ. "ವಾಸ್ನೇನೂ ನೋಡಿ."

ಹಾಳಾದವನು ಎಂದುಕೊಂಡಳು. ಆದರೆ ವಾರಗಳು ಕಳೆದಂತೆ ಮೈ ಅವಳ ಮಾತು ಕೇಳದೆ ಅವನ ಮಾತು ಕೇಳತೊಡಗಿತು. ಬೆಕ್ಕಿನಂತೆ ಬೆನ್ನು ಬಾಗಿಸಿ ಎತ್ತುವ ಆಸನಕ್ಕೆ ಕತ್ತಿನ ಹಗ್ಗ ಎಳೆಎಳೆಯಾಗಿ ಸಡಿಲವಾಯಿತು. ಕಿವಿ ಮುಚ್ಚಿ ದುಂಬಿಯಂತೆ ಗುಂಯ್‌ಗುಡುವ ಪ್ರಾಣಾಯಾಮ ಮಾಡಿದ ದಿನ ತಲೆಯೊಳಗಿನ ಮೆಷಿನ್ನುಗಳ ಸದ್ದು ತುಸು ಹೊತ್ತು ನಿಲ್ಲುತ್ತಿತ್ತು. ಎದೆಯುರಿಯ ಗುಳಿಗೆ ಡಬ್ಬಿಯಲ್ಲೇ ಉಳಿಯಿತು. ಹಾಸಿಗೆಗೆ ಬಿದ್ದರೆ ನಿದ್ದೆ, ಎದ್ದರೆ ಬೆಳಗು.

"ಏನವಾ ನೀನು, ಈಗ ಮನ್ಯಾಗ ಒದರೂದ ಬಿಟ್ಟೀಯಲ್ಲ!" ಅಂದ ಬಸಲಿಂಗ, ರೊಟ್ಟಿ ಮುರಿಯುತ್ತ. "ಮನಿ ಮನಿಯಂಗ ಐತಿ."

ಅವಳಿಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಜೊತೆ ಬೇರೊಂದು ಬಂತು. ಮೈ ಹಗುರವಾದಂತೆಲ್ಲ, ಮೊದಲು ಗೊತ್ತಾಗದಿದ್ದದ್ದು ಗೊತ್ತಾಗತೊಡಗಿತು. ಲೈನಿನಲ್ಲಿ ಯಾರಾದರೂ ಕೈ ನಿಧಾನ ಮಾಡಿದರೆ ಅವಳ ಹೊಟ್ಟೆ ಕಲ್ಲಾಗುವುದು, ದವಡೆ ಬಿಗಿಯುವುದು, ಉಸಿರು ಗಂಟಲಲ್ಲಿ ನಿಂತು ಬೈಗುಳವಾಗಿ ಹೊರಗೆ ಬೀಳುವುದು, ಇಷ್ಟನ್ನೂ ಅವಳು ಕಾಣುತ್ತಿದ್ದಳು. ಕಂಡರೂ ಬೈಗುಳ ನಿಲ್ಲುತ್ತಿರಲಿಲ್ಲ. ಬಾಯಿಂದ ಹೊರಬಿದ್ದದ್ದು ತನ್ನ ಕಿವಿಗೇ ಬಿದ್ದಾಗ ಬಚ್ಚಲ ತೂಬಿನಿಂದ ಕೂದಲ ಉಂಡೆ ಎಳೆದಂತಾಗುತ್ತಿತ್ತು.

ಹಬ್ಬದ ಮುಂಚಿನ ಅವಸರದ ದಿನಗಳು ಬಂದವು. ಹಡಗಿಗೆ ಹೋಗಬೇಕಾದ ಶರ್ಟುಗಳು ಬಾಕಿಯಿದ್ದವು. ಚಿರಂಜೀವಿ ಬೆಳಿಗ್ಗೆಯೇ ಬಂದು ನೀಲಾಂಬಿಕಾಗೆ ಹೇಳಿಹೋದ: "ಮೇಡಂ, ಇವತ್ತು ಊಟದ ತನಕ ಯಾರೂ ಸೀಟ್ ಬಿಟ್ಟು ಏಳಂಗಿಲ್ಲ. ಟೋಕನ್ ಒಳಗಿಟ್ಕೊಳ್ಳಿ."

ಟೋಕನ್ ಎಂದರೆ ಕೆಂಪು ಪ್ಲಾಸ್ಟಿಕ್ಕಿನ ಬಿಲ್ಲೆ. ಲೈನಿಗೊಂದು. ಶೌಚಾಲಯಕ್ಕೆ ಹೋಗುವವಳು ಸೂಪರ್‌ವೈಸರ್ ಕೈಯಿಂದ ಅದನ್ನು ಪಡೆದು ಹೋಗಬೇಕು. ನೀಲಾಂಬಿಕಾ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರೆವ್ವ ತೋಳು ಕೂರಿಸುವ ಮೆಷಿನ್ನಿನಲ್ಲಿ ಕೂತಿದ್ದಳು. ರಾಯಚೂರು ಕಡೆಯವಳು, ಮಗಳಿಗೆ ಮದುವೆ ಮಾಡಿದ ಹೆಂಗಸು, ಸಕ್ಕರೆ ಕಾಯಿಲೆ ಬೇರೆ. ಬಿಸಿಲೇರುವ ಹೊತ್ತಿಗೆ ಎದ್ದು ನಿಂತಳು.

"ಅಕ್ಕಾರ, ಒಂದ ಸಲ ಟೋಕನ್ ಕೊಡ್ರಿ. ಹೋಗಿ ಓಡಿ ಬರ್ತೀನಿ."

"ಕುಂದ್ರು."

ಸ್ವಲ್ಪ ಹೊತ್ತು ಬಿಟ್ಟು ಮರೆವ್ವ ಮತ್ತೆ ಎದ್ದಳು. ಕಾಲು ಒಂದಕ್ಕೊಂದು ಅಂಟಿದ್ದವು. "ತಡಿಯಾಕಾಗವಲ್ದ್ರಿ."

ನೀಲಾಂಬಿಕಾಳ ಹೊಟ್ಟೆ ಕಲ್ಲಾಯಿತು. ಕಲ್ಲಾದದ್ದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ಉಸಿರು ನಿಂತದ್ದೂ ಗೊತ್ತಾಯಿತು. ಆ ಉಸಿರನ್ನು ಅಲ್ಲೇ ಬಿಟ್ಟುಬಿಡಬಹುದಿತ್ತು. ಆದರೆ ಚಿರಂಜೀವಿ ಆ ತುದಿಯಲ್ಲಿ ನಿಂತು ಇತ್ತಲೇ ನೋಡುತ್ತಿದ್ದ.

"ಎಮ್ಮಿ ಹಂಗ ಕುಡದು ಬರೂದು, ಇಲ್ಲಿ ಬಂದು ಹೊಳಿ ಹರಸೂದು! ಕುಂದ್ರಂದ್ರ ಕುಂದ್ರು! ಇಲ್ಲಾಂದ್ರ ಮನಿಗೆ ಹೋಗಿ ಅಲ್ಲೇ ಹರಸು!"

ಇಡೀ ಲೈನು ತಲೆ ತಗ್ಗಿಸಿತು. ಮರೆವ್ವ ಕೂತಳು. ಮೆಷಿನ್ನು ಓಡಿತು, ನಿಂತಿತು, ಮತ್ತೆ ಓಡಿತು. ಆಮೇಲೆ ಪೂರ್ತಿ ನಿಂತುಹೋಯಿತು. ಸ್ಟೂಲಿನಿಂದ ನೀರು ತೊಟ್ಟಿಕ್ಕಿ ಸಿಮೆಂಟಿನ ನೆಲದಲ್ಲಿ ಹರಿದು ಮುಂದಿನವಳ ಮೆಷಿನ್ನಿನ ಕಾಲಿಗೆ ಮುಟ್ಟಿತು. ಮರೆವ್ವ ಅಳಲಿಲ್ಲ, ಮೇಲಕ್ಕೂ ನೋಡಲಿಲ್ಲ. ಕೈಯಲ್ಲಿದ್ದ ತೋಳಿನ ಬಟ್ಟೆಯನ್ನು ಒದ್ದೆಯಾಗದಂತೆ ಎತ್ತಿ ಹಿಡಿದುಕೊಂಡಿದ್ದಳು.

ಚಿರಂಜೀವಿ ಕರ್ಚೀಫು ಮೂಗಿಗೊತ್ತಿ ಬಂದ. "ಛೀ, ಏನ್ರೀ ಇದು ಗಲೀಜು! ಪೀಸ್‌ಗೆ ತಾಗಿದ್ಯಾ ನೋಡಿ ಮೇಡಂ, ಮೊದ್ಲು ಪೀಸ್ ನೋಡಿ!"

ನೀಲಾಂಬಿಕಾ ಪೀಸು ನೋಡಲಿಲ್ಲ. ಮರೆವ್ವನ ತೋಳು ಹಿಡಿದು ಎಬ್ಬಿಸಿ ಶೌಚಾಲಯದ ಕಡೆ ನಡೆಸಿಕೊಂಡು ಹೋದಳು. ಅಲ್ಲಿ ನಲ್ಲಿ ತಿರುಗಿಸಿದರೆ ಗಾಳಿ ಮಾತ್ರ ಬಂತು. ತುಂಬಿ ಮೇಲೆ ಬಂದ ಗುಂಡಿ, ಬಾಗಿಲಿಗೆ ಚಿಲಕವಿಲ್ಲ, ಮೂಲೆಯಲ್ಲಿ ಸುತ್ತಿ ಬಿಸಾಡಿದ ಬಟ್ಟೆ. ಸೂಪರ್‌ವೈಸರುಗಳಿಗೆ ಆಫೀಸಿನ ಕಡೆ ಬೇರೆ ಶೌಚಾಲಯವಿತ್ತು, ಇದರೊಳಗೆ ಅವಳು ಕಾಲಿಟ್ಟು ವರ್ಷಗಳಾಗಿದ್ದವು. ಇದಕ್ಕೆ ಹೋಗಲಿಕ್ಕೇ ಈ ಹೆಂಗಸರು ತನ್ನೆದುರು ಕೈಯೊಡ್ಡುತ್ತಿದ್ದರೆ? ಇದಕ್ಕೇ ತಾನು ಕೊಡುವುದಿಲ್ಲ ಎನ್ನುತ್ತಿದ್ದದ್ದೆ?

ಅವಳು ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಮುಖ ತೊಳೆಯಲೂ ನೀರಿರಲಿಲ್ಲ. ಕ್ಯಾಂಟೀನಿನಿಂದ ಬಕೆಟ್ಟಿನಲ್ಲಿ ನೀರು ತಂದು ಮರೆವ್ವನಿಗೆ ಕೊಟ್ಟಳು, ತನ್ನ ಲಾಕರಿನಲ್ಲಿದ್ದ ಇನ್ನೊಂದು ಸೀರೆ ಕೊಟ್ಟಳು. ಮರೆವ್ವ ಎರಡನ್ನೂ ತೆಗೆದುಕೊಂಡಳು.

ಮರುದಿನದಿಂದ ನೀಲಾಂಬಿಕಾ ಟೋಕನನ್ನು ಲೈನಿನ ಮೊದಲ ಮೆಷಿನ್ನಿನ ಮೇಲೆ ಇಟ್ಟುಬಿಟ್ಟಳು, ಬೇಕಾದವರು ತೆಗೆದುಕೊಂಡು ಹೋಗಲಿ ಎಂದು. ಕಿರುಚುವುದನ್ನೂ ಬಿಟ್ಟಳು. ಬಿಟ್ಟಳು ಅನ್ನುವುದಕ್ಕಿಂತ ಅದು ಬರದೆ ಹೋಯಿತು ಅನ್ನಬೇಕು. ಬಾಯಿ ತೆರೆದರೆ ಆ ಶೌಚಾಲಯದ ವಾಸನೆ ಗಂಟಲಿಗೆ ಅಡ್ಡ ನಿಲ್ಲುತ್ತಿತ್ತು. ಬೇರೆ ಲೈನುಗಳಿಗಿಂತ ಅವಳ ಲೈನಿನ ಶರ್ಟುಗಳು ಕಡಿಮೆಯಾದವು. ಚಿರಂಜೀವಿ ತನ್ನ ಕ್ಯಾಬಿನ್ನಿಗೆ ಕರೆಸಿದ. ಅವನ ಹಿಂದೆ ಗೋಡೆಯ ಮೇಲೆ ದೊಡ್ಡ ಚಿತ್ರ: ಹಸಿರು ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತ ನೀಲಾಂಬಿಕಾ. ಕೆಳಗೆ ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿತ್ತು.

"ಏನಾಯ್ತು ಮೇಡಂ ನಿಮ್ಗೆ? ಹುಷಾರಿಲ್ವಾ?"

"ಹುಷಾರದೀನಿ ಸಾರ್. ಭಾಳ ವರ್ಷದ ಮ್ಯಾಲೆ ಈಗ ಹುಷಾರಾಗೀನಿ."

"ಮತ್ತೆ? ಲೈನಲ್ಲಿ ನಿಮ್ ಸೌಂಡೇ ಇಲ್ಲ."

"ಯೋಗ ಮಾಡಾಕತ್ತೀನಲ್ರಿ. ನೀವ ಮಾಡ್ಸಿದ್ದು."

ಚಿರಂಜೀವಿ ಕುರ್ಚಿಯಲ್ಲಿ ಹಿಂದಕ್ಕೊರಗಿದ. ಜೇನಿನಂಥ ದನಿ ತೆಗೆದ. "ನೋಡಿ, ಯೋಗ ಮಾಡೋದು ಬೆನ್ನುನೋವು ಹೋಗ್ಲಿ, ಟೆನ್ಷನ್ ಕಮ್ಮಿ ಆಗ್ಲಿ, ಲೀವ್ ಹಾಕದೆ ಕೆಲ್ಸಕ್ ಬರ್ಲಿ ಅಂತ. ಅದನ್ನ ತಲೆಗೆ ಹಚ್ಕೊಂಡ್ರೆ ಹೆಂಗೆ? ಮುಂದಿನ್ ವಾರ ಫಾರಿನ್ನೋರು ಬರ್ತಾರೆ. ನೀವೇ ಮುಂದೆ ಕೂತು ಮಾಡಿ ತೋರಿಸ್ಬೇಕು. ನಂಗೆಷ್ಟು ಒಳ್ಳೇದಾಯ್ತು ಅಂತ ಎರಡು ಮಾತು ಹೇಳಿ. ಲೈನಲ್ಲಿ ಮಾತ್ರ ಮೊದ್ಲಿನ ಥರಾನೇ ಇರಿ. ಅಷ್ಟೇ ಕಣ್ರೀ."

ಅವನು ಹಚ್ಚಿಕೊಂಡಿದ್ದ ಸೆಂಟಿನ ಸಿಹಿ ವಾಸನೆ ಕ್ಯಾಬಿನ್ನಿನ ತುಂಬ ತುಂಬಿತ್ತು. ಪ್ಲೇಟಿಂಗ್ ಶೆಡ್ಡಿನ ಆಸಿಡ್ಡೇ ವಾಸಿ ಅನ್ನಿಸಿತು ನೀಲಾಂಬಿಕಾಗೆ.

"ಹೆಂಗಸ್ರ ಪಾಯಿಖಾನಿಗೆ ನೀರು ಬಿಡಸ್ರಿ. ಮುಂದ ಕುಂತು ಮಾಡ್ತೀನಿ, ಒಳ್ಳೇದಾಗೈತಿ ಅಂತನೂ ಹೇಳ್ತೀನಿ, ಅದು ಸುಳ್ಳಲ್ಲ. ಆದ್ರ ಲೈನ್ ನನ್ ಕೈಲಿ ಆಗಂಗಿಲ್ಲ. ನನ್ನ ಮತ್ತ ಮೆಷಿನ್ನಿಗೆ ಹಾಕ್ರಿ."

ಅವಳಿಗೆ ತಲೆ ಕೆಟ್ಟಿದೆ ಎಂದು ಚಿರಂಜೀವಿ ಬಾಯಿ ಬಿಟ್ಟೇ ಅಂದ. ಆದರೂ ಎರಡನ್ನೂ ಮಾಡಿದ. ಫಾರಿನ್ನಿನವರು ಬರುವ ಮುಂಚೆ ಶೌಚಾಲಯಕ್ಕೆ ನೀರು ಬಂತು, ಬಾಗಿಲಿಗೆ ಚಿಲಕ ಬಂತು. ನೀಲಾಂಬಿಕಾ ಮುಂದೆ ಕೂತು ಎಲ್ಲ ಆಸನ ಮಾಡಿದಳು, ನಿದ್ದೆ ಬರುತ್ತದೆ, ಎದೆಯುರಿ ಹೋಗಿದೆ ಎಂದಳು. ಬಿಳಿಯ ಹೆಂಗಸೊಬ್ಬಳು ಅವಳ ಕೈಕುಲುಕಿದಳು. ಅವರು ಹೊರಟುಹೋದ ವಾರವೇ ಅವಳನ್ನು ಇಳಿಸಿ ಟೈಲರ್ ಮಾಡಿದರು. ಖಾಲಿಯಿದ್ದದ್ದು ಮರೆವ್ವನ ಪಕ್ಕದ ಮೆಷಿನ್ನು.

ಅಲ್ಲಿ ಕೂತ ಮೊದಲ ದಿನ ಮರೆವ್ವ ತನ್ನ ಸ್ಟೂಲನ್ನು ಆಚೆಗೆ ಎಳೆದುಕೊಂಡಳು. ಗಲೀಜು ಕಂಡವರು ಸೀರೆ ಎತ್ತಿ ಹಿಡಿದು ದಾಟುತ್ತಾರಲ್ಲ, ಹಾಗೆ. ಹೊಸ ಸೂಪರ್‌ವೈಸರ್ ಶೋಭಾರಾಣಿ ಹಿಂದಿನಿಂದ ಕಿರುಚಿದಳು: "ಏನ್ ನೀಲಕ್ಕ, ಕೈಗೆ ಲಕ್ವ ಹೊಡ್ದಿದ್ಯಾ? ಬೇಗ ಬೇಗ ಓಡ್ಸಿ!" ಅವಳ ಗಂಟಲು ಇನ್ನೂ ಎಳೆಯದು, ಕೊನೆಗೆ ಒಡೆಯುತ್ತಿತ್ತು. ನೀಲಾಂಬಿಕಾ ತಲೆ ತಗ್ಗಿಸಿ ಹೊಲಿದಳು.

ಕೆಲವು ದಿನ ಹೀಗೇ ಹೋಯಿತು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವಳೇ ಮರೆವ್ವನ ಎದುರು ಡಬ್ಬಿ ಹಿಡಿದು ಕೂತಳು.

"ಮರೆವ್ವಾ, ನೀನೂ ಮುಂಜಾನೆ ಮುಂದಿನ ಸಾಲಿಗೆ ಬಾ. ಹಿಂದ ಕುಂತ್ರ ಮೇಷ್ಟ್ರು ಹೇಳಿದ್ದು ಕಾಣ್ಸಂಗಿಲ್ಲ. ಸಕ್ಕರಿಗೂ ಛಲೋ ಅಂತ ಹೇಳ್ತಾರ. ನನಗಂತೂ ಭಾಳ ಗುಣ ಆತು. ಈಗ ರಾತ್ರಿ ನಿದ್ದಿ..."

ಮರೆವ್ವ ಮೊದಲ ಸಲ ಅವಳ ಮುಖ ನೋಡಿದಳು.

"ನಿನಗ ನಿದ್ದಿ ಬರ್ತೈತೇನವಾ?" ಅಂದಳು. ದನಿ ಏರಲಿಲ್ಲ. "ಛಲೋ ಆತು. ನನಗ ಅವತ್ತಿಂದ ಬಂದಿಲ್ಲ. ಕಣ್ಣು ಮುಚ್ಚಿದ್ರ ಸ್ಟೂಲ್ ಹಸಿ ಆದಂಗ ಆಗ್ತೈತಿ, ಎದ್ದು ಸೀರಿ ಮುಟ್ಟಿ ನೋಡ್ಕೊಂತೀನಿ. ಆ ಹುಡುಗ ಉಸಿರು ನೋಡ್ರಿ ಅಂತಾನ. ನಾನು ನೋಡಾಕ್ ಹೋದ್ರ ನಿನ್ ಬಾಯಿ ಕಾಣ್ತೈತಿ."

ಅವಳು ಡಬ್ಬಿ ಮುಚ್ಚಿ ಎದ್ದು ಬೇರೆ ಮೇಜಿಗೆ ಹೋದಳು. ನೀಲಾಂಬಿಕಾ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. ತಪ್ಪಾಯಿತು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಬೈಗುಳ ಆಡಿದ ಅದೇ ಬಾಯಿಂದ ಅದನ್ನು ಹೊರಗೆ ಹಾಕುವುದಕ್ಕೆ ಅವಳಿಗೆ ಅಸಹ್ಯವಾಯಿತು. ಆದರೂ ಎದ್ದು ಆ ಮೇಜಿಗೆ ಹೋಗಿ, ಎಲ್ಲರಿಗೂ ಕೇಳುವಂತೆ ಆ ಮಾತು ಹೇಳಿದಳು. ಮರೆವ್ವ ಡಬ್ಬಿ ಮತ್ತೆ ತೆರೆದು ಉಣ್ಣುತ್ತಲೇ ಇದ್ದಳು. ಸುತ್ತ ಕೂತವರು ತಮ್ಮ ತಮ್ಮ ಡಬ್ಬಿ ನೋಡಿಕೊಂಡರು.

ಮರುದಿನ ಬೆಳಿಗ್ಗೆ ಬಸಲಿಂಗ ಎಬ್ಬಿಸಿದಾಗಲೇ ಅವಳಿಗೆ ಎಚ್ಚರವಾದದ್ದು. ರಾತ್ರಿಯಿಡೀ ಒಂದೇ ಮಗ್ಗುಲಲ್ಲಿ ಮಲಗಿದ್ದಳಂತೆ. ಎದೆ ಹಗುರಾಗಿತ್ತು, ಕತ್ತು ಬೇಕಾದ ಕಡೆ ತಿರುಗುತ್ತಿತ್ತು. ತನಗೆ ಇಷ್ಟು ಚೆನ್ನಾಗಿ ನಿದ್ದೆ ಬಂದದ್ದನ್ನು ನೆನೆದು ಅವಳಿಗೆ ಹೇಸಿಗೆಯಾಯಿತು. ಮುಖ ತೊಳೆದು ಬಸ್ಸು ಹಿಡಿದಳು. ಕ್ಯಾಂಟೀನಿನಲ್ಲಿ ಚಾಪೆಗಳನ್ನು ಹಾಸಿ ಆಗಿತ್ತು. ಮುಂದಿನ ಸಾಲಿಗೆ ಹೋಗದೆ, ಮರೆವ್ವನ ಕಣ್ಣಿಗೆ ಬೀಳದಂತೆ ಬಾಗಿಲ ಪಕ್ಕದ ಚಾಪೆಯ ಮೇಲೆ ಕೂತು, ಆಸಿಡ್ಡು ಬೆರೆತ ಗಾಳಿಯನ್ನು ಮೂಗಿನ ತುಂಬ ಎಳೆದುಕೊಂಡಳು.